ಮನೆಯ ಬಾಯ್ಲರ್ ಮತ್ತು ಇಂಧನದ ಮಿತವ್ಯಯ

ಬ್ರಿಟನ್ನಿನ ಬಹುಪಾಲು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಅನಿಲದ ಬಾಯ್ಲರು. ಅದು ಕಾಯಿಸಿದ ನೀರು ಕೊಳವೆಗಳ ಮೂಲಕ ಕೋಣೆಕೋಣೆಯ ರೇಡಿಯೇಟರುಗಳಲ್ಲಿ ಹರಿದು, ಶಾಖವನ್ನು ಬಿಟ್ಟುಕೊಟ್ಟು, ತುಸು ತಣಿದು ಮರಳಿ ಬರುತ್ತದೆ. ಅಲ್ಲಿ ನೆಲೆಸಿರುವ ಅನೇಕ ಕನ್ನಡಿಗರ ಮನೆಗಳಲ್ಲಿಯೂ ಇದೇ ವ್ಯವಸ್ಥೆ. 2022ರಲ್ಲಿ ಅನಿಲದ ಬೆಲೆ ವಿಪರೀತವಾಗಿ ಏರಿದಾಗ, ಹಣ ತೆರುವುದೋ ಚಳಿಯನ್ನು ಸಹಿಸುವುದೋ ಎಂಬ ಸಂಕಟ ಎಷ್ಟೋ ಸಂಸಾರಗಳಿಗೆ ಒದಗಿತು. ಚಳಿಯನ್ನು ಸಹಿಸದೆಯೇ ಇಂಧನವನ್ನು ಉಳಿಸುವ ಮಾರ್ಗವೊಂದು ಬಾಯ್ಲರಿನಲ್ಲಿಯೇ ಇದೆ.

ಈ ವ್ಯವಸ್ಥೆಗೆ ಎರಡು ನಿಯಂತ್ರಣಗಳುಂಟು. ಗೋಡೆಯ ಮೇಲಿನ ಥರ್ಮೋಸ್ಟಾಟ್ ಕೋಣೆಯ ಉಷ್ಣತೆಯನ್ನು ನಿರ್ಧರಿಸುತ್ತದೆ. ಬಾಯ್ಲರಿನ ಮೇಲಿರುವ ಗುಂಡಿಯು ರೇಡಿಯೇಟರುಗಳಿಗೆ ಹೋಗುವ ನೀರಿನ ಉಷ್ಣತೆಯನ್ನು ನಿರ್ಧರಿಸುತ್ತದೆ. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಮುಟ್ಟುವವರು ವಿರಳ.

ಅನಿಲದ ಮುಖ್ಯ ಅಂಶ ಮೀಥೇನ್. 1 ಕಿಲೋಗ್ರಾಂ ಮೀಥೇನ್ ಉರಿದಾಗ ಸುಮಾರು 2.25 ಕಿಲೋಗ್ರಾಂ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಒಟ್ಟು ಶಾಖದ ಸುಮಾರು ಹತ್ತನೆಯ ಒಂದು ಪಾಲು ಈ ಆವಿಯಲ್ಲಿ ಗುಪ್ತೋಷ್ಣವಾಗಿ ಅಡಗಿರುತ್ತದೆ. ಹಳೆಯ ಬಾಯ್ಲರುಗಳಲ್ಲಿ ಅದು ಹೊಗೆಗೊಳವೆಯಿಂದ ಹೊರಟುಹೋಗುತ್ತಿತ್ತು. ಆವಿಯನ್ನು ತಣಿಸಿ ನೀರಾಗಿಸಿ, ಆ ಶಾಖವನ್ನು ಮರಳಿ ಪಡೆಯುವ ಹೊಸ ಬಗೆಯ ಬಾಯ್ಲರುಗಳನ್ನು ಇಂಗ್ಲೆಂಡಿನಲ್ಲಿ 2005ರಿಂದ ಸಾಮಾನ್ಯವಾಗಿ ಕಡ್ಡಾಯಗೊಳಿಸಲಾಯಿತು.

ಆದರೆ ಆವಿಯು ನೀರಾಗಬೇಕಾದರೆ, ರೇಡಿಯೇಟರುಗಳಿಂದ ಮರಳುವ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. 75–80 ಡಿಗ್ರಿಯಲ್ಲಿ ಹೊರಟ ನೀರು ಅಷ್ಟು ತಣಿದು ಬರುವುದು ಅಪರೂಪ. ಆದುದರಿಂದ ಗುಂಡಿಯನ್ನು 60 ಡಿಗ್ರಿಗೆ ಇಳಿಸುವುದು ಲೇಸು. ಕೋಣೆ ಬೆಚ್ಚಗಾಗಲು ಕೊಂಚ ಹೆಚ್ಚು ಹೊತ್ತು ಹಿಡಿದರೂ ಇಂಧನವು ಉಳಿಯುತ್ತದೆ. ಕಡು ಚಳಿಯಲ್ಲಿ ಅದು ಸಾಲದಾದರೆ ತುಸು ಏರಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಈ ಸಲಹೆಯು ಸ್ನಾನದ ನೀರನ್ನು ಬೇಕಾದಾಗಲೇ ಕಾಯಿಸಿಕೊಡುವ ಬಾಯ್ಲರುಗಳಿಗೆ ಅನ್ವಯಿಸುತ್ತದೆ. ಬಿಸಿನೀರನ್ನು ತೊಟ್ಟಿಯಲ್ಲಿ ಶೇಖರಿಸುವ ಮನೆಗಳಲ್ಲಿ, ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯದಂತೆ ಆ ನೀರು 60 ಡಿಗ್ರಿಯಷ್ಟು ಕಾಯಬೇಕು. ಅಂಥವರು ಅರ್ಹ ತಂತ್ರಜ್ಞರನ್ನು ಕೇಳದೆ ಗುಂಡಿಯನ್ನು ಇಳಿಸಲಾಗದು.

ಇನ್ನು ಥರ್ಮೋಸ್ಟಾಟಿನ ಮಾತು. ಅದನ್ನು 25ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದೆಂಬುದು ತಪ್ಪು ತಿಳಿವಳಿಕೆ. ಬಾಯ್ಲರು ಹೆಚ್ಚು ಕಾಲ ಉರಿಯುವುದಷ್ಟೇ. ಹಾಗೆಂದು ಅತಿಯಾಗಿ ಇಳಿಸುವುದೂ ಸಲ್ಲದು. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸೂಚಿಸಿದೆ. ವೃದ್ಧರಿಗೂ ಶಿಶುಗಳಿಗೂ ಇನ್ನೂ ಹೆಚ್ಚಿನ ಬಿಸುಪು ಬೇಕಾದೀತು.

ಹೊಗೆಗೊಳವೆಯಿಂದ ಹೊರಟುಹೋಗುವ ಶಾಖಕ್ಕೂ ಬೆಲೆ ತೆತ್ತಾಗಿರುತ್ತದೆ. ಮೊದಲು ಅದನ್ನು ಮನೆಯೊಳಗೆ ಉಳಿಸಿಕೊಂಡು, ಬಳಿಕ ಕೋಣೆಯ ಉಷ್ಣತೆಯನ್ನು ಇಳಿಸುವ ಆಲೋಚನೆ ಮಾಡುವುದು ಯುಕ್ತ.