ಮದ್ದೂರು ದಾಟದ ಕಾರು ಲಂಡನ್ ತಲುಪಿದ ಕಥೆ

ಮೇಟಗಳ್ಳಿಯಲ್ಲಿ ಇರೋರಿಗೆ ಕಾರ್ಖಾನೆ ಅಂದ್ರೆ ಪೇಪರ್‌ನಲ್ಲಿ ಓದುವ ಸುದ್ದಿಯಲ್ಲ. ಕೆಆರ್‌ಎಸ್ ರಸ್ತೆಯ ಟೈರ್ ಕಾರ್ಖಾನೆಯ ಹೆಸರು ಬದಲಾಗಿ ಬಹಳ ವರ್ಷಗಳಾಗಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇವತ್ತಿಗೂ 'ವಿಕ್ರಾಂತ್'. ಇದೇ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಟೈರ್ ಮಾಡುತ್ತಿದ್ದ ಇನ್ನೊಂದು ಕಾರ್ಖಾನೆ ಬಾಗಿಲು ಹಾಕಿದ್ದನ್ನೂ ನಾವು ನೋಡಿದ್ದೇವೆ. ಸ್ವಲ್ಪ ಆಚೆ ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಮಾಡಿದ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಹಾಗಾಗಿ ಹೊಸ ಕಂಪನಿ ಅಂದ ಕೂಡಲೇ ನಮ್ಮ ಕಡೆಯವರು 'ಎಷ್ಟು ದೊಡ್ಡದು' ಅಂತ ಕೇಳುವುದಿಲ್ಲ, 'ಎಷ್ಟು ದಿನ ಇರುತ್ತೆ' ಅಂತ ಕೇಳ್ತಾರೆ.

ಟೈರ್ ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಎದುರು ಮನೆಯ ಅಂಕಲ್ ಮೊನ್ನೆ ಕೇಳಿದ್ದೂ ಇದನ್ನೇ. ಅವರ ಮಗನಿಗೆ ಡಿಪ್ಲೊಮಾ ಮುಗಿದ ಮೇಲೆ ಬೆಂಗಳೂರಿನ ಬೊಮ್ಮಸಂದ್ರದ ಕಡೆ, ಎಲೆಕ್ಟ್ರಿಕ್ ವಾಹನಗಳಿಗೆ ಬ್ಯಾಟರಿ ಜೋಡಿಸುವ ಕಡೆ ಕೆಲಸ ಸಿಕ್ಕಿದೆ. "ಏನಮ್ಮಾ, ನೀನು ಇದನ್ನೆಲ್ಲ ಓದ್ತಿರ್ತೀಯಲ್ಲ. ಈ ಕರೆಂಟ್ ಕಾರಿನ ಕಂಪನಿಗಳು ನಿಲ್ಲುತ್ವಾ?" ಅಂದರು. "ಅಂಕಲ್, ಬೊಮ್ಮಸಂದ್ರ ಅಂದ್ರಲ್ಲ, ಅಲ್ಲೇ ಒಂದು ಕಂಪನಿಯ ಕಥೆ ಇದೆ" ಅಂತ ಶುರು ಮಾಡಿದೆ. ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆದಿದ್ದೇನೆ.

ಸೂರ್ಯನ ಕಾರಿನಿಂದ ರೇವಾಗೆ

ಆ ಕಾರು ರೇವಾ. ನೆನಪಿದೆಯಾ? ಎರಡೇ ಬಾಗಿಲು, ಮುಂದೆ ಇಬ್ಬರು, ಹಿಂದೆ ಮಕ್ಕಳನ್ನು ಕೂರಿಸಬಹುದಾದಷ್ಟು ಜಾಗ. ಬೆಂಗಳೂರಿಗೆ ಹೋದಾಗ ಸಿಗ್ನಲ್‌ನಲ್ಲಿ ಬಸ್ಸಿನ ಪಕ್ಕ ನಿಂತಿದ್ದರೆ ಆಟದ ಸಾಮಾನಿನ ಹಾಗೆ ಕಾಣುತ್ತಿತ್ತು.

ಅದರ ಹಿಂದಿದ್ದವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಚೇತನ್ ಮೈನಿ. ತಂದೆ ಸುದರ್ಶನ್ ಮೈನಿ ಬೆಂಗಳೂರಿನಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಉದ್ಯಮ ಕಟ್ಟಿದವರು. ಮಗ ಓದಲು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿನ ವಿದ್ಯಾರ್ಥಿಗಳು ಸೌರಶಕ್ತಿಯ ಕಾರು ಮಾಡುತ್ತಿದ್ದರು. 1990ರಲ್ಲಿ ಆ ತಂಡ ಅಮೆರಿಕದ ಸನ್‌ರೇಸ್ ಗೆದ್ದಿತು, ಅದೇ ವರ್ಷ ಆಸ್ಟ್ರೇಲಿಯಾದ ವಿಶ್ವ ಸೌರ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂತು. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಹೈಬ್ರಿಡ್ ಕಾರಿನ ಕೆಲಸ, ಅಲ್ಲಿಂದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಅನ್ನುವ ಕಂಪನಿ. 1994ರಲ್ಲಿ ಮೈನಿ ಸಮೂಹ ಮತ್ತು ಅಮೆರಿಗಾನ್ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಕಟ್ಟಿದವು. ರೇವಾ ಅನ್ನುವುದು ಚೇತನ್ ಅವರ ತಾಯಿಯ ಹೆಸರು.

1994ರಲ್ಲಿ ಕಂಪನಿ ಶುರುವಾದರೂ ಕಾರು ರಸ್ತೆಗೆ ಬಂದದ್ದು 2001ರಲ್ಲಿ, ಬೆಂಗಳೂರಿನಲ್ಲಿ. ನಡುವೆ ಏಳು ವರ್ಷ! ಆಗ ನಮ್ಮಲ್ಲಿ ಎಲೆಕ್ಟ್ರಿಕ್ ಕಾರಿಗೆ ಬೇಕಾದ ಮೋಟಾರು, ಅದನ್ನು ಹತೋಟಿಯಲ್ಲಿಡುವ ಸಲಕರಣೆ, ಚಾರ್ಜರ್ ಯಾವುದೂ ಅಂಗಡಿಯಲ್ಲಿ ಸಿಗುವ ಸಾಮಾನಾಗಿರಲಿಲ್ಲ. ಒಂದೊಂದನ್ನೂ ಮಾಡಿಸಿಕೊಳ್ಳಬೇಕಿತ್ತು.

ಮನೆಯ 15 ಆಂಪಿಯರ್ ಪ್ಲಗ್‌ಗೆ, ಅಂದ್ರೆ ಗೀಸರ್ ಹಾಕುವ ಪ್ಲಗ್‌ಗೆ, ರಾತ್ರಿ ಸಿಕ್ಕಿಸಿದರೆ ಬೆಳಗ್ಗೆ ರೇವಾ ರೆಡಿ. ಪೂರ್ತಿ ಚಾರ್ಜ್ ಆಗಲು ಎಂಟು ಗಂಟೆ, ಸುಮಾರು 10 ಯೂನಿಟ್ ಕರೆಂಟ್. ಅದರಲ್ಲಿ 80 ಕಿಲೋಮೀಟರ್ ಓಡುತ್ತಿತ್ತು. ಕ್ಲಚ್ ಇಲ್ಲ, ಗೇರ್ ಇಲ್ಲ, ಸೈಲೆನ್ಸರ್ ಇಲ್ಲ. ಮೈಗೆ ಪ್ಲಾಸ್ಟಿಕ್ ಫಲಕಗಳು. ಯಾರಾದರೂ ಸ್ಕೂಟರ್ ತಗುಲಿಸಿದರೂ ತಗ್ಗು ಬೀಳುತ್ತಿರಲಿಲ್ಲ. ಬ್ರೇಕ್ ಹಾಕಿದಾಗ ಚಕ್ರ ತಿರುಗುವ ಶಕ್ತಿ ಮತ್ತೆ ಕರೆಂಟಾಗಿ ಬ್ಯಾಟರಿಗೆ ವಾಪಸ್ ಬರುತ್ತಿತ್ತು. ಇವತ್ತು ಇಪ್ಪತ್ತು ಲಕ್ಷದ ಕಾರಿನ ಜಾಹೀರಾತಿನಲ್ಲಿ ಇದನ್ನು ದೊಡ್ಡದಾಗಿ ಹಾಕ್ತಾರೆ.

ಈಗ ಆ 80 ಕಿಲೋಮೀಟರನ್ನು ನಮ್ಮ ಊರಿನ ಲೆಕ್ಕಕ್ಕೆ ತನ್ನಿ. ಮೇಟಗಳ್ಳಿಯಿಂದ ಕೆಆರ್‌ಎಸ್‌ಗೆ ಹೋಗಿ ಬಂದರೆ ಮೂವತ್ತರ ಆಸುಪಾಸು. ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದರೂ ಚಿಂತೆಯಿಲ್ಲ. ಆದರೆ ಬೆಂಗಳೂರಿಗೆ ಅಂತ ಹೊರಟರೆ ಮಂಡ್ಯ ದಾಟಿ ಮದ್ದೂರಿನಲ್ಲಿ ವಡೆ ತಿನ್ನುವ ಹೊತ್ತಿಗೆ ಬ್ಯಾಟರಿ ಬಸವಳಿದಿರುತ್ತಿತ್ತು. ಅಲ್ಲಿ ಪ್ಲಗ್ ಕೊಡಿ ಅಂತ ಹೋಟೆಲಿನವರನ್ನು ಬೇಡಿಕೊಂಡು ಎಂಟು ಗಂಟೆ ಕೂರಬೇಕು. ವಡೆ ಎಷ್ಟೇ ರುಚಿಯಾಗಿದ್ದರೂ ಎಂಟು ಗಂಟೆ ತಿನ್ನೋಕಾಗುತ್ತಾ?

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಕಾರು ಇರೋದೇ ಒಂದು. ಅದು ದಿನಾ ಕಚೇರಿಗೂ ಬೇಕು, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೂ ಬೇಕು, ಮದುವೆಗೆ ಅಜ್ಜಿಯನ್ನೂ ಲಗೇಜನ್ನೂ ಹೊತ್ತುಕೊಂಡು ಹೋಗೋಕೂ ಬೇಕು. ವರ್ಷದ 350 ದಿನ ರೇವಾ ಸಾಕಾಗುತ್ತಿತ್ತು. ಮಿಕ್ಕ ಹದಿನೈದು ದಿನ ನೆನೆಸಿಕೊಂಡೇ ಜನ ಪೆಟ್ರೋಲ್ ಕಾರು ತಗೊಂಡರು ಅನ್ನೋದು ನನ್ನ ಅಭಿಪ್ರಾಯ. ಅದರ ಮೇಲೆ ಸೀಸದ ಬ್ಯಾಟರಿ. ಮನೆಯ ಯುಪಿಎಸ್ ಬ್ಯಾಟರಿಯ ಸಂಬಂಧಿಕನೇ ಅನ್ನಿ. ಭಾರ ಜಾಸ್ತಿ, ಮೂರ್ನಾಲ್ಕು ವರ್ಷಕ್ಕೆ ಸೋಲುತ್ತೆ, ಬದಲಿಸುವಾಗ ಒಂದೇ ಸಲಕ್ಕೆ ದೊಡ್ಡ ಮೊತ್ತ.

ಲಂಡನ್ನಿನಲ್ಲಿ ಜೀ-ವಿಜ್

ಬೆಂಗಳೂರಿನಲ್ಲಿ ಜನ ಹಿಂದೆ ಮುಂದೆ ನೋಡುತ್ತಿದ್ದಾಗ ರೇವಾಗೆ ಬಾಗಿಲು ತೆರೆದದ್ದು ಲಂಡನ್. 2003ರಲ್ಲಿ ಅಲ್ಲಿ ಒಂದು ಹೊಸ ಶುಲ್ಕ ಬಂತು. ವಾಹನ ದಟ್ಟಣೆ ಕಡಿಮೆ ಮಾಡಲು, ನಗರದ ನಡುಭಾಗಕ್ಕೆ ಕಾರು ತಂದವರು ಆಗ ದಿನಕ್ಕೆ 5 ಪೌಂಡ್ ಕೊಡಬೇಕಿತ್ತು. ಎಲೆಕ್ಟ್ರಿಕ್ ಕಾರಿಗೆ ಆಗ ವಿನಾಯಿತಿ ಇತ್ತು. ಕೆಲವು ಕಡೆ ಪಾರ್ಕಿಂಗ್ ಕೂಡ ಫ್ರೀ ಇತ್ತು. ಗೋಯಿಂಗ್‌ಗ್ರೀನ್ ಅನ್ನುವ ಕಂಪನಿ ಬೊಮ್ಮಸಂದ್ರದ ಕಾರನ್ನು ತರಿಸಿ 'ಜೀ-ವಿಜ್' ಅಂತ ಹೆಸರಿಟ್ಟು ಮಾರಿತು. ಸಾವಿರಕ್ಕೂ ಹೆಚ್ಚು ರೇವಾಗಳು ಲಂಡನ್ ಸೇರಿದವು. ನಮ್ಮ ಕರ್ನಾಟಕದಲ್ಲಿ ತಯಾರಾದ ಎಲೆಕ್ಟ್ರಿಕ್ ಕಾರು ಲಂಡನ್ನಿನ ರಸ್ತೆಯಲ್ಲಿ ದಿನನಿತ್ಯದ ದೃಶ್ಯವಾಗಿತ್ತು. ಟೆಸ್ಲಾದ ಮೊದಲ ಕಾರು ಇನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ.

ಒಂದು ಮಾತು ಮುಚ್ಚಿಡಬಾರದು. ಅಲ್ಲಿನ ಕಾನೂನಿನಲ್ಲಿ ಅದು ಕಾರೇ ಅಲ್ಲ, 'ಕ್ವಾಡ್ರಿಸೈಕಲ್' ಅನ್ನುವ ಹಗುರ ವಾಹನದ ವರ್ಗ. ಹಾಗಾಗಿ ಕಾರುಗಳಿಗೆ ಮಾಡುವ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಾಗಿರಲಿಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆ ತಾನೇ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಪರೀಕ್ಷೆ ಮಾಡಿಸಿದಾಗ ಫಲಿತಾಂಶ ಭಯ ಹುಟ್ಟಿಸುವ ಹಾಗಿತ್ತು. ಒಳಗಿದ್ದವರ ಜೀವಕ್ಕೇ ಅಪಾಯ ಅಂತ ಬಂತು. ಮುಂದಿನ ಮಾದರಿಯಲ್ಲಿ ಕಂಪನಿ ಚಾಸಿಯನ್ನು ಗಟ್ಟಿ ಮಾಡಿತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿತು, ಡಿಕ್ಕಿಯಾದರೆ ಕುಗ್ಗುವ ಸ್ಟೀರಿಂಗ್ ಕೊಟ್ಟಿತು. ಆದರೆ ಚಿಕ್ಕ ಕಾರು ಅಂದ ಮೇಲೆ ಬರುವ ಹೆದರಿಕೆ ಪೂರ್ತಿ ಹೋಗಲಿಲ್ಲ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವವರಿಗೆ ಹೆದರಿಕೆ ಇದ್ದರೆ ಅದು ಸಹಜ ಕೂಡ.

2006ರಲ್ಲಿ ಅಮೆರಿಕದ ಡ್ರೇಪರ್ ಫಿಷರ್ ಜರ್ವೆಟ್‌ಸನ್ ಮತ್ತು ಗ್ಲೋಬಲ್ ಎನ್ವಿರಾನ್‌ಮೆಂಟ್ ಫಂಡ್ 2 ಕೋಟಿ ಡಾಲರ್ ಹೂಡಿದವು. 2009ರಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಬಂತು. ಅದೇ ವರ್ಷ ಫ್ರಾಂಕ್‌ಫರ್ಟ್ ವಾಹನ ಮೇಳದಲ್ಲಿ ಎರಡು ಹೊಸ ಮಾದರಿಗಳನ್ನು ತೋರಿಸಿದರು. ನನಗೆ ತುಂಬ ಇಷ್ಟವಾದದ್ದು ಅಲ್ಲಿ ಪ್ರಕಟಿಸಿದ 'ರಿವೈವ್' ಅನ್ನುವ ಏರ್ಪಾಡು. ದಾರಿಯಲ್ಲಿ ಚಾರ್ಜ್ ಮುಗಿದರೆ ಕಂಪನಿಗೆ ತಿಳಿಸಿದರಾಯ್ತು, ಅವರು ದೂರದಿಂದಲೇ ಬ್ಯಾಟರಿಯ ತಳದಲ್ಲಿ ಕಾದಿಟ್ಟಿದ್ದ ಕರೆಂಟನ್ನು ಬಿಟ್ಟುಕೊಡುತ್ತಿದ್ದರು. ನಮ್ಮ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದ ದುಡ್ಡಿನ ಹಾಗೆ!

ಇಷ್ಟೆಲ್ಲ ಆದರೂ ಹತ್ತು ವರ್ಷಗಳಲ್ಲಿ ಮಾರಾಟವಾದ ರೇವಾಗಳು ಎಲ್ಲ ದೇಶಗಳನ್ನೂ ಸೇರಿಸಿ ಸುಮಾರು 4,000. ಕಾರ್ಖಾನೆಗೆ ವರ್ಷಕ್ಕೇ 6,000 ಕಾರು ಮಾಡುವ ತಾಕತ್ತಿತ್ತು.

ಮಹೀಂದ್ರಾ ಬಂದರು

2010ರ ಮೇ ತಿಂಗಳಲ್ಲಿ ಮಹೀಂದ್ರಾ ಕಂಪನಿ ರೇವಾದ 55.2 ಶೇಕಡಾ ಪಾಲು ತಗೊಂಡಿತು. ಅದಕ್ಕೆ ಮೊದಲು ಜನರಲ್ ಮೋಟಾರ್ಸ್ ತನ್ನ ಸ್ಪಾರ್ಕ್ ಕಾರನ್ನು ರೇವಾ ತಂತ್ರಜ್ಞಾನದಲ್ಲಿ ಎಲೆಕ್ಟ್ರಿಕ್ ಮಾಡುವ ಒಪ್ಪಂದ ಮಾಡಿಕೊಂಡಿತ್ತು. ಪ್ರತಿಸ್ಪರ್ಧಿ ಒಳಗೆ ಬಂದ ಮೇಲೆ ಅವರು ಹೊರಗೆ ನಡೆದರು.

ಮುಂದಿನದು ನನ್ನ ಪ್ರಕಾರ ಈ ಕಥೆಯ ಮುಖ್ಯ ಭಾಗ. ಕೇಂದ್ರ ಸರ್ಕಾರ 2010ರ ನವೆಂಬರ್‌ನಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಸಬ್ಸಿಡಿ ಘೋಷಿಸಿತು. ಅದು 2012ರ ಮಾರ್ಚ್‌ಗೆ ಮುಗಿಯಿತು. ಅದೇ 2012ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ಮಾಡಬಲ್ಲ ಹೊಸ ಕಾರ್ಖಾನೆ ಉದ್ಘಾಟನೆಯಾಯಿತು. 2013ರ ಮಾರ್ಚ್‌ನಲ್ಲಿ ಅಲ್ಲಿಂದ ಬಂದ ಕಾರು ಇ2ಒ. ಲಿಥಿಯಂ ಬ್ಯಾಟರಿ, 100 ಕಿಲೋಮೀಟರ್. ಬೆಂಗಳೂರಿನಲ್ಲಿ ಹುಟ್ಟಿದ ಕಾರನ್ನು ಬಿಡುಗಡೆ ಮಾಡಿದ್ದು ಮಾತ್ರ ದೆಹಲಿಯಲ್ಲಿ, ಯಾಕಂದ್ರೆ ಅಲ್ಲಿನ ರಾಜ್ಯ ಸರ್ಕಾರ ರಿಯಾಯಿತಿ ಕೊಡುತ್ತಿತ್ತು. ಅಲ್ಲಿ ಆನ್‌ರೋಡ್ ಬೆಲೆ 5.96 ಲಕ್ಷ. ಕೇಂದ್ರದ ಸಬ್ಸಿಡಿ 'ಫೇಮ್' ಯೋಜನೆಯ ಹೆಸರಲ್ಲಿ ಮತ್ತೆ ಬಂದದ್ದು 2015ರ ಏಪ್ರಿಲ್‌ಗೆ. ಮೂರು ವರ್ಷ ಅನ್ನ ಮಾಡಿಟ್ಟು ಸಾರಿಗೆ ಕಾದ ಹಾಗಾಯಿತು. ಎಲೆಕ್ಟ್ರಿಕ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ಅನ್ನುವ ಹೆಮ್ಮೆ ನಮ್ಮ ಕರ್ನಾಟಕದ್ದೇ. ಆದರೆ ಅದು 2017ರಲ್ಲಿ.

30,000ದ ಹತ್ತಿರಕ್ಕೂ ಮಾರಾಟ ಬರಲಿಲ್ಲ. 2016ರಲ್ಲಿ ನಾಲ್ಕು ಬಾಗಿಲಿನ ಇ2ಒ ಪ್ಲಸ್ ಬಂತು, ಕಂಪನಿಯ ಹೆಸರಿನಿಂದ ರೇವಾ ಬಿಟ್ಟುಹೋಗಿ ಮಹೀಂದ್ರಾ ಎಲೆಕ್ಟ್ರಿಕ್ ಅಂತಾಯಿತು. ಕೆಲವು ವರ್ಷಗಳಲ್ಲಿ ಇ2ಒ ಕೂಡ ನಿಂತಿತು. ಅಷ್ಟು ಹೊತ್ತಿಗೆ ಹೊರಬಂದಿದ್ದ ಚೇತನ್ ಮೈನಿ ಸನ್ ಮೊಬಿಲಿಟಿ ಕಟ್ಟುವುದರಲ್ಲಿದ್ದರು. ಆಟೊ, ಸ್ಕೂಟರ್‌ಗಳ ಖಾಲಿ ಬ್ಯಾಟರಿ ತೆಗೆದು ತುಂಬಿದ ಬ್ಯಾಟರಿ ಹಾಕಿಕೊಡುವ ವ್ಯವಸ್ಥೆ ಅದು, ಸಿಲಿಂಡರ್ ಬದಲಿಸಿದ ಹಾಗೆ.

ಅಂಕಲ್ ಇಷ್ಟು ಕೇಳಿ "ಅಂದ್ರೆ ಸೋತ್ರು ಅನ್ನು" ಅಂದರು. ನಾನು ಒಪ್ಪಲಿಲ್ಲ. ಬ್ಯಾಟರಿಯ ಬೆಲೆಯನ್ನು ನೋಡಿ. 2010ರಲ್ಲಿ ಒಂದು ಯೂನಿಟ್ ಕರೆಂಟ್ ಹಿಡಿಸುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಮೇಲಿತ್ತು. ರೇವಾದಂಥ 10 ಯೂನಿಟ್‌ನ ಪುಟ್ಟ ಕಾರಿಗೇ ಆಗಿನ ಡಾಲರ್ ಲೆಕ್ಕದಲ್ಲಿ ಬ್ಯಾಟರಿಗೆ ಮಾತ್ರ ನಾಲ್ಕೂವರೆ ಲಕ್ಷ! 2023ರ ಹೊತ್ತಿಗೆ ಅದು 150 ಡಾಲರಿಗಿಂತ ಕೆಳಗಿಳಿಯಿತು. 2020ರಲ್ಲಿ ಟಾಟಾದ ನೆಕ್ಸಾನ್ ಇವಿ ಬಂದಾಗ ಬ್ಯಾಟರಿ ಅಗ್ಗವಾಗುತ್ತಿತ್ತು, ತೆರಿಗೆ ಕಡಿಮೆಯಾಗಿತ್ತು, ಹೆದ್ದಾರಿಯಲ್ಲಿ ಚಾರ್ಜರ್‌ಗಳು ಬರುತ್ತಿದ್ದವು. 2023ರ ಆಗಸ್ಟ್‌ನಲ್ಲಿ ಟಾಟಾದ ಎಲೆಕ್ಟ್ರಿಕ್ ಕಾರುಗಳ ಒಟ್ಟು ಮಾರಾಟ 1 ಲಕ್ಷ ದಾಟಿತು. ರೇವಾದವರ ಬುದ್ಧಿ ಕಮ್ಮಿಯಿರಲಿಲ್ಲ. ಅವರು ಅಂಗಡಿ ತೆರೆದಾಗ ಸಂತೆ ನೆರೆದಿರಲಿಲ್ಲ, ಅಷ್ಟೇ.

ಮಹೀಂದ್ರಾದವರ ಕೈಯಲ್ಲಿ ಆ ಕಲಿಕೆ ಉಳಿಯಿತು. 2023ರಲ್ಲಿ ಎಕ್ಸ್‌ಯುವಿ 400, 2024ರ ನವೆಂಬರ್‌ನಲ್ಲಿ ಪೂರ್ತಿ ಎಲೆಕ್ಟ್ರಿಕ್ ಆಗಿಯೇ ರೂಪಿಸಿದ ಎರಡು ದೊಡ್ಡ ಕಾರುಗಳು ಬಂದವು. ಇವು ಮೈಸೂರಿನಿಂದ ಬೆಂಗಳೂರಿಗೆ ಹೋಗಿ, ಎಲ್ಲೂ ಪ್ಲಗ್ ಹುಡುಕದೆ ವಾಪಸ್ ಬರುವಂಥವು. ಆದರೆ ನಮಗೆ ಬೇಸರದ ಸಂಗತಿ ಅಂದ್ರೆ, ಆ ಎರಡು ದೊಡ್ಡ ಕಾರುಗಳು ತಯಾರಾಗುವುದು ಪುಣೆ ಬಳಿಯ ಚಾಕಣದಲ್ಲಿ. ಬೀಜ ಬಿತ್ತಿದ್ದು ಇಲ್ಲಿ, ಕೊಯ್ಲು ಅಲ್ಲಿ.

ಹಾಗಂತ ಬೊಮ್ಮಸಂದ್ರ ಖಾಲಿಯಾಗಲಿಲ್ಲ. 2018ರಲ್ಲಿ ಅಲ್ಲಿಂದ ಟ್ರಿಯೊ ಅನ್ನುವ ಎಲೆಕ್ಟ್ರಿಕ್ ಆಟೊ ಬಂತು. ದಿನಕ್ಕೆ ಇಷ್ಟೇ ಕಿಲೋಮೀಟರ್ ಅಂತ ಲೆಕ್ಕವಿರುವ, ಸಂಜೆ ಮನೆಗೇ ಬರುವ, ಡೀಸೆಲ್ ಗ್ಯಾಸ್ ಖರ್ಚು ಉಳಿದರೆ ಆ ತಿಂಗಳೇ ಗೊತ್ತಾಗುವ ಆಟೊದವರಿಗೆ ಈ ತಂತ್ರಜ್ಞಾನ ಕಾರಿನವರಿಗಿಂತ ಮೊದಲು ಹೊಂದಿಕೊಂಡಿತು. ಅಂಕಲ್ ಮಗನ ಕೆಲಸವೂ ಇಂಥದ್ದೇ ವಾಹನಗಳ ಬ್ಯಾಟರಿ ಜೋಡಿಸುವುದು.

ಇನ್ನು ನಮ್ಮ ಮೈಸೂರಿನ ಪಾಲು ಏನು? ಎಲೆಕ್ಟ್ರಿಕ್ ವಾಹನ ಜಾಸ್ತಿಯಾದರೆ ಇಂಜಿನ್, ರೇಡಿಯೇಟರ್, ಕ್ಲಚ್ ಪ್ಲೇಟ್ ಮಾಡುವವರಿಗೆ ಕೆಲಸ ಕಡಿಮೆಯಾಗುತ್ತೆ, ಅದರಲ್ಲಿ ಅನುಮಾನವಿಲ್ಲ. ಬ್ಯಾಟರಿಯ ಒಳಗಿನ ಸೆಲ್‌ಗಳು ಇವತ್ತಿಗೂ ಬಹುಪಾಲು ಚೀನಾದಿಂದ ಬರುತ್ತವೆ. ನಮ್ಮ ಹುಡುಗರು ಮಾಡುವುದು ಜೋಡಣೆ. ಸೆಲ್ಲೇ ಇಲ್ಲಿ ಆಗುವ ತನಕ ಕೆಲಸದ ಭದ್ರತೆಯ ಬಗ್ಗೆ ಅಂಕಲ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಅರ್ಧವೇ. ಕಂಪನಿಯ ಹೆಸರು ಬದಲಾಗಬಹುದು, ಮಾಲೀಕರು ಬದಲಾಗಬಹುದು, ರೇವಾದಲ್ಲಿ ಎರಡೂ ಆಯಿತು. ಬ್ಯಾಟರಿ ಬಲ್ಲ ಕೈಗೆ ಮಾತ್ರ ಮುಂದಿನ ಕಂಪನಿಯಲ್ಲೂ ಕೆಲಸ ಸಿಗುತ್ತೆ. ಹಾಗಾಗಿ "ಹುಡುಗ ಸೇರಲಿ ಅಂಕಲ್, ಜೋಡಿಸೋದರ ಜೊತೆಗೆ ಕೆಟ್ಟಿದ್ದನ್ನ ರಿಪೇರಿ ಮಾಡೋದನ್ನೂ ಕಲೀಲಿ" ಅಂದೆ. ಹಳೆಯ ರೇವಾಗಳ ಸೀಸದ ಬ್ಯಾಟರಿ ಕಿತ್ತು ಲಿಥಿಯಂ ಹಾಕಿಸಿಕೊಂಡು ಓಡಿಸುವ ಹವ್ಯಾಸಿಗಳು ಇವತ್ತಿಗೂ ಇದ್ದಾರೆ ಅಂತಲೂ ಹೇಳಿದೆ.

ಅವರಿಗೆ ಹೆಚ್ಚು ಖುಷಿ ಕೊಟ್ಟ ಸುದ್ದಿ ಬೇರೆಯೇ ಇತ್ತು. ಬ್ಯಾಟರಿಯ ಭಾರದಿಂದಾಗಿ ಎಲೆಕ್ಟ್ರಿಕ್ ಕಾರು ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ತೂಕ ಜಾಸ್ತಿ. ಪೆಡಲ್ ಒತ್ತಿದ ಕೂಡಲೇ ಮೋಟಾರು ಪೂರ್ತಿ ಎಳೆತ ಕೊಡುತ್ತೆ. ಎರಡೂ ಸೇರಿ ಟೈರ್ ಬೇಗ ಸವೆಯುತ್ತೆ. ಮೂವತ್ತು ವರ್ಷ ರಬ್ಬರ್ ಜೊತೆ ಬದುಕಿದ ಆ ಮನುಷ್ಯ ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಹಾಗಿದ್ದರೆ ಟ್ರೆಡ್‌ಗೆ ಯಾವ ಮಿಶ್ರಣ ಹಾಕಬೇಕು, ಪಕ್ಕದ ಗೋಡೆ ಎಷ್ಟು ಗಟ್ಟಿ ಇರಬೇಕು ಅಂತ ನನಗೆ ಅರ್ಧ ಗಂಟೆ ಪಾಠ ಮಾಡಿದರು.