ಪ್ರವೇಶ ಪ್ರಬಂಧ: ವೋಚರ್ ಇಲ್ಲದ ಎಂಟ್ರಿ ಬೇಡ

ನಮ್ಮ ಜಯನಗರ, ಬಿಟಿಎಂ ಕಡೆಯ ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಬಿ.ಕಾಂ ಸೀಟಿಗೆ ದ್ವಿತೀಯ ಪಿಯುಸಿ ಅಂಕಪಟ್ಟಿಯೇ ಮುಖ್ಯ. ಆದರೆ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು, ವಿದೇಶದ ಕಾಲೇಜುಗಳು ಮತ್ತು ಸ್ಕಾಲರ್‌ಶಿಪ್ ಕೊಡುವ ಸಂಸ್ಥೆಗಳು ಅರ್ಜಿಯ ಜೊತೆಗೆ ಪ್ರಬಂಧವನ್ನೂ ಕೇಳುತ್ತವೆ. ಅಮೆರಿಕದ ನೂರಾರು ಕಾಲೇಜುಗಳು ಬಳಸುವ ಕಾಮನ್ ಆ್ಯಪ್‌ನಲ್ಲಿ ಅದು 250ರಿಂದ 650 ಪದ ಇರಬೇಕು. ಬ್ರಿಟನ್ನಿನ ಯುಕಾಸ್ ಅರ್ಜಿಯಲ್ಲಿ 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಿವೆ: ಈ ಕೋರ್ಸ್ ಏಕೆ, ಇದುವರೆಗಿನ ಓದು ಅದಕ್ಕೆ ಹೇಗೆ ಸಿದ್ಧಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಮೂರಕ್ಕೂ ಸೇರಿ 4,000 ಅಕ್ಷರಗಳ ಮಿತಿ. ಅರ್ಜಿ ಹಾಕುವವರು ಈ ತಪ್ಪುಗಳನ್ನು ಗಮನಿಸಿ.

1. ಅಂಕಗಳನ್ನೇ ಮತ್ತೆ ಬರೆಯುವುದು. ಅಂಕಗಳು ಅರ್ಜಿಯಲ್ಲಿ ಆಗಲೇ ಇರುತ್ತವೆ. ಪ್ರಬಂಧ ಅಲ್ಲಿ ಕಾಣದ್ದನ್ನು ಹೇಳಬೇಕು.

2. ನಕಲು. 2007ರಲ್ಲಿ ಯುಕಾಸ್ ಅರ್ಜಿಗಳನ್ನು ಪರಿಶೀಲಿಸಿದಾಗ 234 ಮಂದಿ ಒಂದೇ ಕತೆ ಬರೆದಿದ್ದರು: ಎಂಟನೇ ವಯಸ್ಸಿನಲ್ಲಿ ಪೈಜಾಮ ಸುಟ್ಟು ತೂತಾಯಿತಂತೆ! ಈಗ ಎಐ ಬಳಿ ಬರೆಸಿದರೂ ಎಲ್ಲರದ್ದೂ ಒಂದೇ ಥರ ಆಗುವ ಅಪಾಯ ಇದ್ದೇ ಇದೆ.

3. ಆಧಾರವಿಲ್ಲದ ಮಾತು. ವೋಚರ್ ಇಲ್ಲದೆ ಎಂಟ್ರಿ ಮಾಡಬಾರದು ಎಂದು ಅಕೌಂಟೆನ್ಸಿಯಲ್ಲಿ ಕಲಿತಿದ್ದೇವೆ. 'ನಾನು ಶ್ರಮಜೀವಿ, ನನ್ನಲ್ಲಿ ನಾಯಕತ್ವ ಗುಣವಿದೆ' ಎಂಬುದು ಬರೀ ಎಂಟ್ರಿ. 'ಅಬ್ಬಾ ಅಂಗಡಿಯ ಸಾಲದ ಪುಸ್ತಕ ನೋಡಿ, ಮೂರು ತಿಂಗಳಿಂದ ಬಾಕಿ ಇರುವವರ ಪಟ್ಟಿ ಬೇರೆ ಮಾಡಿದೆ' ಎಂಬುದು ವೋಚರ್. ಇದನ್ನು ಓದಿದವರಿಗೆ ಶ್ರಮಜೀವಿ ಎಂದು ಬೇರೆ ಹೇಳಬೇಕಿಲ್ಲ.

4. ಕೇಳಿದ್ದು ಒಂದು, ಬರೆದದ್ದು ಇನ್ನೊಂದು. ಒಂದೇ ಪ್ರಬಂಧವನ್ನು ನಾಲ್ಕು ಕಡೆ ಕಳಿಸುವಾಗ ಪ್ರಶ್ನೆಯೂ ಬೇರೆ, ಕಾಲೇಜಿನ ಹೆಸರೂ ಬೇರೆ ಎಂಬುದು ಮರೆತುಹೋಗುತ್ತದೆ.

5. ಡಿಕ್ಷನರಿ ಇಂಗ್ಲಿಷ್. ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್ ಎಂದು ಬೆಳೆದ ನಾವು ದೊಡ್ಡ ಪದ ಹಾಕಿದರೆ ತೂಕ ಬರುತ್ತದೆ ಎಂದುಕೊಳ್ಳುತ್ತೇವೆ. ಅರ್ಥ ಗೊತ್ತಿರುವ ಸಣ್ಣ ಪದವೇ ಸಾಕು. ಇಂಟರ್‌ವ್ಯೂನಲ್ಲಿ ಆ ಪದದ ಬಗ್ಗೆ ಕೇಳಿದರೆ ಉತ್ತರಿಸಬೇಕಾದವರು ನಾವೇ.

ಎಲ್ಲಕ್ಕಿಂತ ದೊಡ್ಡ ತಪ್ಪು, 'ನಮ್ಮ ಬಗ್ಗೆ ಬರೆಯಲು ಏನಿದೆ?' ಎಂದು ಕೈಬಿಡುವುದು. ವಿದೇಶ ಪ್ರವಾಸ, ಒಲಿಂಪಿಯಾಡ್ ಪದಕ ನಮ್ಮಲ್ಲಿ ಬಹಳ ಜನರಿಗಿಲ್ಲ. ಆದರೆ ನಮ್ಮ ಮನೆಯಲ್ಲಿ ಬ್ಯಾಂಕಿನ ಫಾರ್ಮ್ ಓದಿ ಅಮ್ಮಿಗೆ ಉರ್ದುವಿನಲ್ಲಿ ಹೇಳುವುದು, ಅವರ ಪ್ರಶ್ನೆಯನ್ನು ಕೌಂಟರಿನಲ್ಲಿ ಕನ್ನಡದಲ್ಲಿ ಕೇಳುವುದು ನನ್ನ ಕೆಲಸ. ನಿಮ್ಮಲ್ಲೂ ಎಷ್ಟೋ ಮಂದಿ ಇದನ್ನು ಮಾಡುತ್ತೀರಿ. ಅದು ಜವಾಬ್ದಾರಿ. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ, ಪ್ರಬಂಧದಲ್ಲಿದೆ.

ಕೊನೆಯ ದಿನಾಂಕಕ್ಕೆ ಎರಡು ವಾರ ಮೊದಲೇ ಬರೆದು, ಒಬ್ಬ ಲೆಕ್ಚರರ್‌ಗೆ ತೋರಿಸಿ. ಅವರು ತಪ್ಪು ತಿದ್ದಲಿ, ಕತೆ ಮಾತ್ರ ನಿಮ್ಮದೇ ಇರಲಿ.