ನಂದಿ ಇಳಿಯೋ ಮುನ್ನ ಬ್ರೇಕ್ ಆಯಿಲ್ ನೋಡಿ

ವೀಕೆಂಡ್ ಬಂದ್ರೆ ದೇವನಹಳ್ಳಿ ದಾಟಿ ನಂದಿಬೆಟ್ಟಕ್ಕೆ ಹೋಗುವ ಸ್ವಿಫ್ಟ್, ಪೋಲೊಗಳಿಗೆ ಲೆಕ್ಕವಿಲ್ಲ. ಹತ್ತುವಾಗ ಎಂಜಿನ್‌ಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ. ದೊಡ್ಡ ಡಿಸ್ಕ್ ಹಾಕಿಸೋಣ್ವಾ ಅಂತ ಗೆಳೆಯರು ಕೇಳ್ತಾರೆ. ಅದಕ್ಕೆ ದೊಡ್ಡ ಚಕ್ರವೂ ಬೇಕಾಗಬಹುದು. ದೊಡ್ಡಬಳ್ಳಾಪುರದ ಮನೆ ಅಂಗಳದಲ್ಲಿ ನಾನು ಬದಲಿಸಿದ್ದು ಮುಂದಿನ ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಮಾತ್ರ.

ಈ ಆಯಿಲ್ ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದರೆ 155ಕ್ಕೇ ಕುದಿಯಬಹುದು. ಆವಿಯಾಯಿತೋ, ಪೆಡಲ್ ತಳಕ್ಕೆ ಹೋದರೂ ಗಾಡಿ ನಿಲ್ಲಲ್ಲ.

ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಟ್ಟೆವು. ಅಪ್ಪ ಪೆಡಲ್ ಒತ್ತಿದರು, ನಾನು ನಿಪ್ಪಲ್ ಸಡಿಲಿಸಿ ಗಾಳಿ ತೆಗೆದೆ. ಪೆಡಲ್ ಗಟ್ಟಿಯಾಗುವವರೆಗೆ ಗಾಡಿ ಕದಲಿಸಬೇಡಿ. ಹೊಸ ಪ್ಯಾಡ್ ಮೊದಲು ಖಾಲಿ ರಸ್ತೆಯಲ್ಲಿ ಪಳಗಲಿ. ಇಳಿಜಾರಿನಲ್ಲಿ ಸೆಕೆಂಡ್ ಗೇರ್ ಇರಲಿ. ಅದಕ್ಕೆ ಕಾಸೂ ಖರ್ಚಿಲ್ಲ.